ಮರಿನಾಯಿಗೆ ಮೊದಲು ಮೂಲೆ, ಆಮೇಲೆ ಹಿತ್ತಲು

ಧಾರವಾಡದ ಹಳೆಯ ಬಡಾವಣೆಗಳಲ್ಲಿ ಇನ್ನೂ ಕೈತೋಟವಿರುವ ಮನೆಗಳಿವೆ. ಮಾವು, ಪೇರಲ, ಕರಿಬೇವು, ಬೇಲಿಗುಂಟ ಕಣಗಿಲೆ. ಇಂಥ ಮನೆಗೆ ಮರಿನಾಯಿ ಬಂತೆಂದರೆ, ‘ಇಷ್ಟು ಜಾಗವಿದೆ, ಆಡಿಕೊಂಡಿರಲಿ’ ಎಂದು ನೇರ ಹಿತ್ತಲಿಗೆ ಬಿಟ್ಟುಬಿಡುತ್ತಾರೆ. ತಾಯಿಯ ಮಗ್ಗುಲು ಬಿಟ್ಟು ಬಂದ ಎರಡು ತಿಂಗಳ ಮರಿಗೆ ಅದು ಉಪಕಾರವಲ್ಲ. ಅದಕ್ಕೆ ಮೊದಲು ಬೇಕಾದದ್ದು ಒಂದು ಮೂಲೆ.

ತರುವ ಮುನ್ನ

ಎಂಟು ವಾರ ತುಂಬದ ಮರಿಯನ್ನು ತರಬೇಡಿ. ಮುಧೋಳದಿಂದ ತಂದರೂ ಪಕ್ಕದ ಓಣಿಯಿಂದ ಎತ್ತಿಕೊಂಡು ಬಂದರೂ ಈ ಲೆಕ್ಕ ಒಂದೇ. ಅದು ಅಲ್ಲಿ ಏನು ತಿನ್ನುತ್ತಿತ್ತೆಂದು ಕೇಳಿ, ಒಂದು ವಾರ ಅದನ್ನೇ ಕೊಡಿ. ಆಹಾರ ಬದಲಿಸುವುದಿದ್ದರೆ ನಿಧಾನವಾಗಿ ಬದಲಿಸಿ. ತಾಯಿ ಮಲಗುತ್ತಿದ್ದ ಬಟ್ಟೆಯ ತುಂಡು ಸಿಕ್ಕರೆ ತನ್ನಿ.

ನಂತರ ತೋಟದಲ್ಲಿ ಬಗ್ಗಿ, ಮರಿಯ ಎತ್ತರದಿಂದ ನೋಡುತ್ತಾ ಒಂದು ಸುತ್ತು ಹಾಕಿ. ಗೇಟಿನ ಕೆಳಗಿನ ಸಂದು, ಮುಚ್ಚಳವಿಲ್ಲದ ನೀರಿನ ತೊಟ್ಟಿ, ಇಲಿ ಪಾಷಾಣ ಕಣ್ಣಿಗೆ ಬೀಳುವುದು ಆಗಲೇ. ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುತ್ತದೆ. ದತ್ತೂರಿ, ಔಡಲದ ಬೀಜ, ಚೆಂದಕ್ಕೆ ನೆಟ್ಟ ಸೈಕಸ್ ಕೂಡ ಅಪಾಯಕಾರಿ. ಆದರೆ ನಾನು ಹೆಚ್ಚು ಹೆದರುವುದು ಗುಲಾಬಿ ಬುಡಕ್ಕೆ ಹಾಕುವ ಔಡಲ ಹಿಂಡಿಗೆ. ವಿಷದ ಗಿಡವನ್ನು ಮರಿ ಮೂಸಿ ಬಿಟ್ಟರೂ ಬಿಟ್ಟೀತು, ಹಿಂಡಿಯ ವಾಸನೆಗೆ ಮಾತ್ರ ಮಣ್ಣು ಕೆದರಿ ತಿನ್ನುತ್ತದೆ. ಮರಿ ಬೆಳೆಯುವವರೆಗೆ ಗುಲಾಬಿಗೆ ಕೊಳೆತ ಎಲೆಗೊಬ್ಬರ ಸಾಕು.

ಮೊದಲ ರಾತ್ರಿಗಳು

ಪಡಸಾಲೆಯಲ್ಲಿ ಓಡಾಟ ಕಡಿಮೆಯಿರುವ ಒಂದು ಮೂಲೆಯಲ್ಲಿ ಹಾಸಿಗೆ, ನೀರಿನ ಬಟ್ಟಲು ಇಡಿ. ಓಣಿಯ ಮಕ್ಕಳೆಲ್ಲ ಮೊದಲ ದಿನವೇ ಎತ್ತಿ ಮುದ್ದಾಡುವುದು ಬೇಡ. ರಾತ್ರಿ ಅದು ಅಳುತ್ತದೆ. ‘ಅತ್ತು ಅತ್ತು ತಾನೇ ಸುಮ್ಮನಾಗುತ್ತದೆ’ ಎಂಬ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯವರೊಬ್ಬರು ಕೆಲವು ರಾತ್ರಿ ಹತ್ತಿರವೇ ಮಲಗಲಿ. ಮರಿ ಬೇಗ ಹೊಂದಿಕೊಳ್ಳುತ್ತದೆ, ಮನೆಯವರಿಗೂ ನಿದ್ದೆ ಸಿಗುತ್ತದೆ.

ಎರಡು ತಿಂಗಳ ಮರಿ ಮೂತ್ರವನ್ನು ಎರಡು-ಮೂರು ಗಂಟೆಗಿಂತ ಹೆಚ್ಚು ತಡೆಯಲಾರದು. ಎದ್ದ ಕೂಡಲೇ, ಉಂಡ ಮೇಲೆ, ಆಟ ಮುಗಿದೊಡನೆ, ರಾತ್ರಿ ಒಮ್ಮೆ, ತೋಟದ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ. ಕೆಲಸ ಮುಗಿಸಿದ ಆ ಗಳಿಗೆಯಲ್ಲೇ ಹೊಗಳಿ. ಒಳಗೆ ಹೊಲಸು ಮಾಡಿದರೆ ಮೂತಿಯನ್ನು ಅದರಲ್ಲಿ ಒತ್ತುವ ಪದ್ಧತಿಯಿಂದ ಮರಿ ಕಲಿಯುವುದು ನಿಮಗೆ ಹೆದರುವುದನ್ನು ಮಾತ್ರ.

ಹಿತ್ತಲಿಗೆ ಹೆಜ್ಜೆ

ಮೊದಲು ಉದ್ದನೆಯ ಹಗ್ಗ ಕಟ್ಟಿ, ಹತ್ತು ನಿಮಿಷ, ನಿಮ್ಮ ಜೊತೆಯಲ್ಲಿ. ಕರೆದಾಗ ಬಂದರೆ ತಿನಿಸು. ಕರೆದರೆ ಬರುತ್ತದೆಂಬ ನಂಬಿಕೆ ಹುಟ್ಟಿದ ಮೇಲೆ ಹಗ್ಗ ಬಿಚ್ಚಬಹುದು.

ಲಸಿಕೆ 6–8 ವಾರಕ್ಕೆ ಶುರುವಾಗಿ, 3–4 ವಾರಕ್ಕೊಮ್ಮೆಯಂತೆ ಮರಿಗೆ 16 ವಾರ ಆಗುವವರೆಗೆ ನಡೆಯುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಈ ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ನೆಲಕ್ಕೆ ಇಳಿಸಬೇಡಿ. ಎತ್ತಿಕೊಂಡು ಹೋಗಿ ಬಸ್ಸಿನ ಸದ್ದು, ಸಂತೆಯ ಗದ್ದಲ ತೋರಿಸಬಹುದು, ತೋರಿಸಲೇಬೇಕು. ಮರಿಗಳಿಗೆ ವಾಂತಿ-ರಕ್ತಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಈಚೆಗೆ ನಿಮ್ಮ ಹಿತ್ತಲಲ್ಲೇ ಮರಿಯೊಂದು ವಾಂತಿ-ರಕ್ತಭೇದಿಯಿಂದ ಸತ್ತಿದ್ದರೆ, ಹೊಸ ಮರಿಯನ್ನು ತರುವ ಮೊದಲೇ ಪಶುವೈದ್ಯರಿಗೆ ತಿಳಿಸಿ.

ಮರಿ ಅಗೆಯುತ್ತದೆ. ಮಳೆ ಬಿದ್ದ ಕೆಂಪು ಮಣ್ಣು ಸಿಕ್ಕರಂತೂ ಕೇಳುವುದೇ ಬೇಡ. ಬೈಯುವುದಕ್ಕಿಂತ ಒಂದು ಮೂಲೆಯನ್ನು ಅದಕ್ಕೇ ಬಿಟ್ಟುಕೊಟ್ಟು, ಅಲ್ಲಿ ಆಟಿಕೆ ಹೂತಿಡಿ. ಸೇವಂತಿಗೆ ಪಾತಿಗೆ ತಾತ್ಕಾಲಿಕ ಜಾಲರಿ ಹಾಕಿ.

ಮಳೆಗಾಲ

ಜೂನ್ ಬಂದರೆ ಕಪ್ಪೆಗಳು ಹೊರಬರುತ್ತವೆ. ನೆಲಗಪ್ಪೆಯನ್ನು ಬಾಯಿಗೆ ಹಾಕಿಕೊಂಡ ಮರಿ ಜೊಲ್ಲು ಸುರಿಸತೊಡಗುತ್ತದೆ. ಒದ್ದೆ ಬಟ್ಟೆಯಿಂದ ಒಸಡು, ನಾಲಗೆ ಒರೆಸಿ, ತಡಮಾಡದೆ ವೈದ್ಯರಿಗೆ ಫೋನ್ ಮಾಡಿ. ಹುಲ್ಲು ಗಿಡ್ಡವಾಗಿರಲಿ, ಕಟ್ಟಿಗೆ ರಾಶಿ ಬೇಡ. ಹಾವಿಗೂ ಉಣ್ಣೆಗೂ ಅಡಗುತಾಣ ಅವೇ. ದಿನಾ ಸಂಜೆ ಕಿವಿಯ ಮಡಿಕೆ, ಬೆರಳ ಸಂದು ನೋಡಿ, ಉಣ್ಣೆ ಕಂಡರೆ ಚಿಮುಟದಿಂದ ನೇರ ಎಳೆಯಿರಿ. ಎಮ್ಮೆಗೆ ಹಚ್ಚುವ ಉಣ್ಣೆ ಔಷಧಿಯನ್ನೇ ಎರಡು ಹನಿ ಮರಿಗೂ ಬಳಿಯುವ ರೂಢಿ ನಮ್ಮ ಕಡೆ ಇದೆ. ಅದು ಜೀವಕ್ಕೇ ಕುತ್ತು ತರಬಲ್ಲದು. ಮರಿಯ ತೂಕ ನೋಡಿ ವೈದ್ಯರೇ ಔಷಧಿ ಹೇಳಲಿ.

ಊಟದ ಬಗ್ಗೆ ಇಷ್ಟು: ಹಾಲು-ರೊಟ್ಟಿಯೊಂದರಲ್ಲೇ ಮರಿ ಬೆಳೆಯುವುದಿಲ್ಲ. ಬೇಯಿಸಿದ ಮೊಟ್ಟೆ, ಮಾಂಸ ಅಥವಾ ಮರಿಗಳಿಗೆಂದೇ ಮಾಡಿದ ಆಹಾರ ದಿನಕ್ಕೆ ಮೂರು-ನಾಲ್ಕು ಬಾರಿ ಬೇಕು. ಉಳ್ಳಾಗಡ್ಡಿ ಬಿದ್ದ ಪಲ್ಯ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ಆಪೂಸು ತಿಂದು ಹಿತ್ತಲಿಗೆ ಎಸೆದ ಓಟೆಯನ್ನು ಆಗಲೇ ಹೆಕ್ಕಿ. ಮರಿ ಅದನ್ನು ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.