ಕಾಫಿ ತೋಟದಲ್ಲಿ ‘ಕ್ಯಾ ಹುವಾ?’ ಕೇಳುವ ಬಗೆ: ನನ್ನ ಅನುಭವ

ಕುಯ್ಲು ಶುರುವಾದ ಮೇಲೆ ಕೆಲಸಗಾರರು ಇರುವ ಲೈನ್ ಮನೆಗಳ ಕಡೆ ಹೋದರೆ ಅಸ್ಸಾಮಿ, ಬಂಗಾಳಿ ಮಾತೇ ಕಿವಿಗೆ ಬೀಳುವ ತೋಟಗಳು ಈಗ ಕೊಡಗಿನಲ್ಲಿ ಎಷ್ಟೋ ಇವೆ. ತೋಟದ ಹಾಜರಿ, ಲೆಕ್ಕ ನೋಡುವ ರೈಟರ್ ಕೆಲಸದಲ್ಲಿ ಆ ಕೆಲಸಗಾರರ ಜೊತೆ ಮಾತಾಡಲು ನನಗಿರುವುದು ಹಿಂದಿ. ಅದು ನನ್ನ ಮನೆಮಾತೂ ಅಲ್ಲ, ಅವರಲ್ಲಿ ಹೆಚ್ಚಿನವರ ಮನೆಮಾತೂ ಅಲ್ಲ. ಎರಡೂ ಕಡೆಯವರು ಕಲಿತು ಆಡುವ ಭಾಷೆ. ಹಾಗಾಗಿ ವ್ಯಾಕರಣ ತಪ್ಪಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಒಬ್ಬರು ಚೀಲ ಬದಿಗಿಟ್ಟು ಗಿಡದ ಬುಡದಲ್ಲಿ ತಲೆ ತಗ್ಗಿಸಿ ಕೂತಿರುವಾಗ ‘ಏನಾಯ್ತು’ ಎಂದು ಕೇಳುವುದರಲ್ಲಿ ತಪ್ಪಿದರೆ, ತಿಳಿಯಬೇಕಾದ ವಿಷಯ ತಿಳಿಯದೇ ಹೋಗುತ್ತದೆ. ಅದಕ್ಕೇ ‘ಕ್ಯಾ ಹುವಾ’ ಎಂಬ ಎರಡು ಪದಗಳ ಮೇಲೆ ಇಷ್ಟು ಬರೆಯುತ್ತಿದ್ದೇನೆ.

‘ಕ್ಯಾ’ ಎಂದರೆ ಏನು, ‘ಹುವಾ’ ಎಂದರೆ ಆಯ್ತು. ನಾವು ‘ಎಂತ ಆಯ್ತು?’ ಅನ್ನುವ ಹಾಗೇ ಇದೆ ಕಟ್ಟು. ತಮಿಳಿನ ‘ಎನ್ನ ಆಚ್ಚು’, ತುಳುವಿನ ‘ದಾದ ಆಂಡ್’, ಬಂಗಾಳಿಯ ‘ಕೀ ಹೊಲೊ’, ಅಸ್ಸಾಮಿಯ ‘ಕಿ ಹೊಲ್’ ಎಲ್ಲವೂ ಇದೇ ಜಾಡಿನಲ್ಲಿವೆ. ಆದ್ದರಿಂದ ಕೇಳಿದ್ದು ಅವರಿಗೆ ಅರ್ಥವಾಗುತ್ತದೋ ಇಲ್ಲವೋ ಎಂಬ ಚಿಂತೆ ಬೇಡ. ಹೇಳುವಾಗ ‘ಕ್ಯಾ’ ಒಂದೇ ಉಸಿರಿನ ಅಕ್ಷರ, ‘ಕಿಯಾ’ ಆಗಬಾರದು. ಕಾರಣ, ‘ಕಿಯಾ’ ಎಂದರೆ ‘ಮಾಡಿದೆ’ ಎಂದು. ಈ ‘ಕಿಯಾ’ದ ಮಾತು ಮುಂದೆ ಮತ್ತೆ ಬರುತ್ತದೆ.

ಹಿಂದಿಯಲ್ಲಿ ನೀನು, ನೀವು ಅನ್ನುವುದಕ್ಕೆ ತೂ, ತುಮ್, ಆಪ್ ಎಂದು ಮೂರು ಮೆಟ್ಟಿಲು. ಎಲ್ಲಿ ಯಾವುದು ಎಂದು ಗೊತ್ತಾಗದೆ ನಮ್ಮವರು ‘ತೂ’ ಹಚ್ಚಿಬಿಡುತ್ತಾರೆ, ವಯಸ್ಸಾದವರಿಗೆ ಅದು ಚುಚ್ಚುತ್ತದೆ. ಬರೀ ‘ಕ್ಯಾ ಹುವಾ?’ ಅಂದರೆ ಈ ತೊಡಕೇ ಇಲ್ಲ. ಮುಂದೆ ಒಂದು ಸಂಬಂಧದ ಪದ ಇಟ್ಟರೆ ಸಾಕು. ನನಗಿಂತ ದೊಡ್ಡವರಂತೆ ಕಾಣುವ ಗಂಡಸಿಗೆ ‘ದಾದಾ’ ಅಥವಾ ‘ಭೈಯಾ’, ಹೆಂಗಸಿಗೆ ‘ದೀದಿ’, ತಲೆ ನೆರೆತವರಿಗೆ ‘ಚಾಚಾ’. ‘ದೀದಿ, ಕ್ಯಾ ಹುವಾ?’ ಇಷ್ಟೇ. ವ್ಯಕ್ತಿಯನ್ನು ಸೇರಿಸಲೇಬೇಕಾದರೆ ನಮ್ಮ ‘ನಿಮಗೆ’ಯ ಹಾಗೆ ‘ಕೋ’ ಬರಬೇಕು: ‘ಆಪ್‌ಕೋ ಕ್ಯಾ ಹುವಾ?’, ‘ಬಚ್ಚೇ ಕೋ ಕ್ಯಾ ಹುವಾ?’ (ಮಗುವಿಗೆ ಏನಾಯ್ತು?). ‘ಆಪ್ ಕ್ಯಾ ಹುವಾ’ ಅಂದರೆ ಮಾತು ಮುರಿಯುತ್ತದೆ.

ಇನ್ನು ದನಿ. ಮೂವತ್ತು ಮಾರು ದೂರದಿಂದ, ರಸ್ತೆಯ ಮೇಲೆ ನಿಂತು, ‘ಏಯ್, ಕ್ಯಾ ಹುವಾ?’ ಎಂದು ಕೂಗಿದರೆ ಕೂತವರಿಗೆ ಕೇಳಿಸುವುದು ‘ಯಾಕೆ ಕೆಲಸ ನಿಲ್ಲಿಸಿದೆ?’ ಎಂದೇ. ಅವರು ತಟ್ಟನೆ ಎದ್ದು ಚೀಲ ಕಟ್ಟಿಕೊಳ್ಳುತ್ತಾರೆ, ಜ್ವರ ಒಳಗೇ ಉಳಿಯುತ್ತದೆ. ಸಾಲಿನೊಳಗೆ ಇಳಿದು ಹತ್ತಿರ ಹೋಗಿ, ಸಾಧ್ಯವಾದರೆ ಕುಕ್ಕುರುಗಾಲಲ್ಲಿ ಕೂತು, ತಗ್ಗಿದ ದನಿಯಲ್ಲಿ ಕೇಳಬೇಕು. ‘ಕ್ಯಾ’ ಮೇಲೆ ಒತ್ತು ಹಾಕಿದರೆ ಸಿಟ್ಟು, ‘ಹುವಾ’ವನ್ನು ಸ್ವಲ್ಪ ಎಳೆದರೆ ಕಳಕಳಿ. ಪದ ಹಿಂದುಮುಂದಾಗಿ ‘ಹುವಾ ಕ್ಯಾ?’ ಆದರೆ ‘ಅಸಲಿಗೆ ಆಗಿದ್ದೇನು, ಹೇಳು’ ಎಂಬ ಒತ್ತಾಯ ಬರುತ್ತದೆ. ಮೊದಲ ಪ್ರಶ್ನೆಯಾಗಿ ಅದು ಬೇಡ.

ಎಲ್ಲಕ್ಕಿಂತ ಕೆಟ್ಟದಾಗಿ ಹೋಗುವುದು ‘ತೋ’ ಸೇರಿಸಿದಾಗ. ನಾವು ‘ಮತ್ತೆ ಎಂತ ಆಯ್ತು?’ ಅನ್ನುವ ಅಭ್ಯಾಸದಲ್ಲಿ ‘ತೋ ಕ್ಯಾ ಹುವಾ?’ ಅಂದುಬಿಡುತ್ತೇವೆ. ಹಿಂದಿಯಲ್ಲಿ ಅದರ ಅರ್ಥ ‘ಆದರೇನಂತೆ?’ ಜ್ವರ ಅಂದವನಿಗೆ ‘ಆದರೇನಂತೆ’ ಅಂದ ಹಾಗಾಯಿತು. ಮುಂದೇನಾಯ್ತು ಎಂದು ಕೇಳಬೇಕಾದರೆ ‘ಫಿರ್ ಕ್ಯಾ ಹುವಾ?’ ಅನ್ನಬೇಕು. ಅದೇ ರೀತಿ ನಾವು ಒಪ್ಪಿಗೆಗೂ ‘ಆಯ್ತು’ ಅನ್ನುತ್ತೇವಲ್ಲ, ಅಲ್ಲಿ ‘ಹುವಾ’ ನಡೆಯುವುದಿಲ್ಲ, ‘ಠೀಕ್ ಹೈ’ ಅನ್ನಬೇಕು. ಕೆಲಸ ಆಯ್ತಾ ಎಂದು ಕೇಳಲು ‘ಕಾಮ್ ಹೋ ಗಯಾ?’

‘ಕ್ಯಾ ಬಾತ್ ಹೈ?’ ಎಂಬ ಇನ್ನೊಂದಿದೆ, ನಮ್ಮ ‘ಏನು ವಿಷಯ?’ ಇದ್ದ ಹಾಗೆ. ಮನಸ್ಸಿಗೆ ಬೇಸರವಾಗಿ ಕೂತವರನ್ನು ಕೇಳಲು ಅದು ಒಳ್ಳೆಯದೇ. ಆದರೆ ಅದೇ ಮಾತನ್ನು ದನಿ ಏರಿಸಿ ಆಡಿದರೆ ‘ಭೇಷ್!’ ಎಂಬ ಹೊಗಳಿಕೆ. ದನಿಯ ಮೇಲೆ ಹಿಡಿತ ಬರುವವರೆಗೆ ‘ಕ್ಯಾ ಹುವಾ’ ಸಾಕು. ‘ಕ್ಯಾ ಹೋ ರಹಾ ಹೈ?’ (ಏನಾಗ್ತಿದೆ?) ಅಂತೂ ತನಿಖೆಯ ಮಾತು, ಜಗಳ ಬಿಡಿಸುವಾಗ ಆಡುವಂಥದ್ದು. ಮೈ ಸರಿಯಿಲ್ಲದವರನ್ನು ಕೇಳುವಾಗ ಅದರ ಮುಂದೆ ‘ಆಪ್‌ಕೋ’ ಇಟ್ಟರೆ ಮಾತ್ರ ಹೊಂದುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಪ್ರಶ್ನೆಗೆ ಮೊದಲ ಉತ್ತರ ಬಹುಪಾಲು ‘ಕುಛ್ ನಹೀ’. ಏನೂ ಇಲ್ಲ. ಅದನ್ನು ಉತ್ತರ ಎಂದು ತೆಗೆದುಕೊಳ್ಳಬಾರದು. ದೂರದಿಂದ ಬಂದವರು, ಕೂಲಿ ತಪ್ಪೀತು ಎಂಬ ಭಯ, ಆಡಲು ಪದವೂ ಸಾಲದು. ಮೂರೂ ಸೇರಿ ‘ಕುಛ್ ನಹೀ’ ಆಗುತ್ತದೆ. ನಾನು ಅಲ್ಲೇ ಒಂದಿಷ್ಟು ಹೊತ್ತು ಸುಮ್ಮನಿದ್ದು, ಎರಡನೇ ಪ್ರಶ್ನೆಯನ್ನು ಹೌದು ಅಥವಾ ಇಲ್ಲ ಎಂದು ತಲೆ ಆಡಿಸಿದರೆ ಸಾಕಾಗುವ ಹಾಗೆ ಕೇಳುತ್ತೇನೆ: ‘ದರ್ದ್ ಹೈ?’ (ನೋವಿದೆಯಾ?) ನಿಲ್ಲಿಸುವುದು. ‘ಚಕ್ಕರ್ ಹೈ?’ (ತಲೆ ಸುತ್ತುತ್ತಿದೆಯಾ?) ನಿಲ್ಲಿಸುವುದು. ‘ಬುಖಾರ್?’ (ಜ್ವರ?) ‘ಘರ್ ಮೇ ಕುಛ್ ಹುವಾ?’ (ಮನೆಯಲ್ಲಿ ಏನಾದರೂ ಆಯ್ತಾ?) ಒಂದೊಂದಾಗಿ ಕೇಳಬೇಕು, ಸಾಲಾಗಿ ಸುರಿಯಬಾರದು. ತಲೆ ಆಡಿದ ಕಡೆ ನಿಂತು ‘ಕಹಾಂ?’ (ಎಲ್ಲಿ?) ಎಂದು ಕೇಳಿ, ಕೈಯಿಂದ ತೋರಿಸಲು ಹೇಳಬೇಕು. ತೋರಿಸಿದ ಬೆರಳು ತಪ್ಪು ಹೇಳುವುದು ಕಡಿಮೆ, ಪದ ತಪ್ಪು ಹೇಳಬಹುದು.

ಯಾಕೆಂದರೆ ನಮ್ಮ ಕಿವಿ ಕನ್ನಡದ ಕಿವಿ. ‘ಸೀನೇ ಮೇ ದರ್ದ್’ ಎಂದಾಗ ‘ಸೀನು’ ಎಂದು ಕೇಳಿ ನೆಗಡಿ ಅಂದುಕೊಂಡರೆ ಅನಾಹುತ. ಸೀನಾ ಎಂದರೆ ಎದೆ. ಅದು ಎದೆನೋವು, ತಕ್ಷಣ ವಾಹನ ಹುಡುಕಬೇಕಾದ ಮಾತು. ‘ಗಲಾ’ ಗಂಟಲು, ನಮ್ಮ ಗಲ್ಲ ಅಲ್ಲ. ‘ಉಲ್ಟಿ’ ವಾಂತಿ. ‘ಪೈರ್’ ಕಾಲು. ‘ಕಮರ್’ ಸೊಂಟ. ‘ಪೇಟ್’ ಹೊಟ್ಟೆ, ಇದು ಬಂಗಾಳಿ ಅಸ್ಸಾಮಿಯಲ್ಲೂ ಹೆಚ್ಚುಕಡಿಮೆ ಹೀಗೇ. ಅಸ್ಸಾಮಿಯವರು ಗಾಬರಿಯಲ್ಲಿ ಹಿಂದಿ ಬಿಟ್ಟು ಸ್ವಂತ ಭಾಷೆಗೆ ಇಳಿದಾಗ ‘ಬಿಖ್’ ಎಂಬಂತೆ ಒಂದು ಪದ ಕೇಳಿಸುತ್ತದೆ. ನಮ್ಮ ‘ವಿಷ’ದ ಬಳಗದ್ದೇ ಪದ, ಆದರೆ ಅವರಲ್ಲಿ ನೋವಿಗೂ ಅದನ್ನೇ ಅನ್ನುತ್ತಾರೆ. ‘ವಿಷ ಕುಡಿದನೇ?’ ಎಂದು ಹೌಹಾರುವ ಮೊದಲು ಎಲ್ಲಿ ಎಂದು ಕೇಳಬೇಕು.

ಒಂದು ಜೋಡಿಯನ್ನು ಮಾತ್ರ ತೋಟದಲ್ಲಿ ಓಡಾಡುವ ಪ್ರತಿಯೊಬ್ಬರೂ ಬಾಯಿಪಾಠ ಮಾಡಬೇಕು: ‘ಕಟ್ ಗಯಾ’ ಮತ್ತು ‘ಕಾಟ್ ಲಿಯಾ’. ಮೊದಲನೆಯದು ಹ್ರಸ್ವ, ಕುಯ್ದುಹೋಯಿತು ಎಂದರ್ಥ. ಕಪಾತಿನ (ಗಿಡದ ರೆಂಬೆ ಸವರುವ) ಕತ್ತರಿಯೋ, ಮರಗಸಿಯ (ನೆರಳಿನ ಮರದ ಕೊಂಬೆ ಕಡಿಯುವ) ಕತ್ತಿಯೋ, ಕಳೆ ಹೊಡೆಯುವ ಮೆಷಿನ್ನೋ ತಾಗಿದೆ. ಎರಡನೆಯದು ದೀರ್ಘ, ಕಚ್ಚಿತು ಎಂದರ್ಥ. ಇರುವೆಯಿರಬಹುದು, ಕಣಜವಿರಬಹುದು, ಹಾವಿರಬಹುದು. ಕಾಲು ಹಿಡಿದು ಕೂತವರು ಯಾವುದನ್ನು ಅಂದರು ಎಂಬುದರ ಮೇಲೆ ಮುಂದಿನ ಅರ್ಧ ಗಂಟೆ ನಿಂತಿರುತ್ತದೆ. ಅನುಮಾನವಿದ್ದರೆ ‘ಕಿಸ್‌ನೇ ಕಾಟಾ?’, ಯಾವುದು ಕಚ್ಚಿತು, ಎಂದು ಕೇಳಬೇಕು. ಹಾವಿಗೆ ಹಿಂದಿಯಲ್ಲಿ ‘ಸಾಂಪ್’, ಬಂಗಾಳಿಯವರ ಬಾಯಲ್ಲಿ ‘ಶಾಪ್’, ಅಸ್ಸಾಮಿಯವರ ಬಾಯಲ್ಲಿ ‘ಖಾಪ್’, ‘ಹಾಪ್’ಗಳ ನಡುವಿನ ಸದ್ದು. ಈ ನಾಲ್ಕರಲ್ಲಿ ಯಾವುದು ಕಿವಿಗೆ ಬಿದ್ದರೂ ಹಾವೆಂದೇ ತಿಳಿಯುವುದು ಕ್ಷೇಮ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯದೆ, ಬಿಗಿಯಾಗಿ ಕಟ್ಟದೆ, ಕುಯ್ಯದೆ, ‘ಹಿಲೋ ಮತ್’ (ಅಲ್ಲಾಡಬೇಡಿ) ಎಂದು ಮಲಗಿಸಿ 108ಕ್ಕೆ ಕರೆ ಮಾಡಬೇಕು ಅಥವಾ ತೋಟದ ಜೀಪಿನಲ್ಲೇ ಆಸ್ಪತ್ರೆಗೆ ಹೊರಡಬೇಕು. ಕಾಲಿನಿಂದ ಉಂಗುರ, ಗೆಜ್ಜೆ ತೆಗೆಸುವುದನ್ನು ಮರೆಯಬಾರದು, ಊತ ಏರಿದ ಮೇಲೆ ಬರುವುದಿಲ್ಲ.

ಮೆಣಸು ಕುಯ್ಲಿನಲ್ಲಿ ಏಣಿಯಿಂದ ಬಿದ್ದವರ ವಿಷಯದಲ್ಲಿ ‘ಕ್ಯಾ ಹುವಾ’ ಕೇಳುವ ಅಗತ್ಯವೇ ಇಲ್ಲ, ‘ಗಿರ್ ಗಯಾ’ ಎಂದು ಹತ್ತು ಜನ ಕೂಗಿರುತ್ತಾರೆ. ಅಲ್ಲಿ ಬೇಕಾದ್ದು ‘ಉಠಾವೋ ಮತ್’, ಎತ್ತಬೇಡಿ. ಆಮೇಲೆ ‘ಪೈರ್ ಹಿಲ್ ರಹಾ ಹೈ?’, ಕಾಲು ಅಲ್ಲಾಡುತ್ತಿದೆಯೇ? ‘ಸುನ್ನ್ ಹೋ ಗಯಾ’ ಎಂದರೆ ಮರಗಟ್ಟಿದೆ ಎಂದು. ಬೆನ್ನುಹುರಿಗೆ ಪೆಟ್ಟಾಗಿದೆ ಎಂದೇ ಎಣಿಸಿ ಹಲಗೆ ತರಿಸಬೇಕು. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿದಾಗ ಕೇಳಿಸುವುದು ‘ಕರೆಂಟ್ ಲಗಾ’. ‘ಲಗಾ’ ಎಂದರೆ ಹೊಡೆಯಿತು. ಮುಟ್ಟಬಾರದು, ಮೊದಲು ಲೈನ್ ಆಫ್ ಮಾಡಿಸಬೇಕು.

ಔಷಧಿ ಹೊಡೆಯುವ ದಿನ ಬೇರೆ ಲೆಕ್ಕ. ಆ ದಿನ ಕೂತವರನ್ನು ಕಾಯುವುದಲ್ಲ, ನಾವೇ ಗಂಟೆಗೊಮ್ಮೆ ಹೋಗಿ ಕೇಳಬೇಕು: ‘ಚಕ್ಕರ್? ಉಲ್ಟಿ? ಸಿರ್ ದರ್ದ್ (ತಲೆನೋವು)?’ ಮೂರರಲ್ಲಿ ಒಂದಕ್ಕೆ ‘ಥೋಡಾ’ (ಸ್ವಲ್ಪ) ಎಂದರೂ ಪಂಪ್ ಕೆಳಗಿಳಿಸಿ, ಬಟ್ಟೆ ಬದಲಿಸಿ, ಸೋಪು ಹಾಕಿ ಮೈ ತೊಳೆಸಿ, ಡಬ್ಬದ ಲೇಬಲ್ ಸಮೇತ ಡಾಕ್ಟರ ಹತ್ತಿರ ಕಳಿಸಬೇಕು. ‘ಥೋಡಾ’ ಅವರ ಮರ್ಯಾದೆಯ ಮಾತು, ಅಳತೆಯ ಮಾತಲ್ಲ.

ಯಾವಾಗಿನಿಂದ ಎಂದು ಕೇಳಲು ‘ಕಬ್ ಸೇ?’ ಇಲ್ಲಿ ‘ಕಲ್’ ಎಂಬ ಪದ ಎದುರಾಗುತ್ತದೆ. ಹಿಂದಿಯಲ್ಲಿ ನಿನ್ನೆಗೂ ನಾಳೆಗೂ ‘ಕಲ್’ ಒಂದೇ. ‘ಕಲ್ ಸೇ ಬುಖಾರ್ ಹೈ’ ಎಂದರೆ ನಿನ್ನೆಯಿಂದ ಜ್ವರ, ‘ಕಲ್ ಸೇ ನಹೀ ಆವೂಂಗಾ’ ಎಂದರೆ ನಾಳೆಯಿಂದ ಬರುವುದಿಲ್ಲ. ಕ್ರಿಯಾಪದ ಕೇಳುವವರೆಗೆ ತೀರ್ಮಾನಕ್ಕೆ ಬರಬಾರದು. ಹಾಜರಿ ಪುಸ್ತಕದಲ್ಲಿ ತಪ್ಪು ಬೀಳುವುದೂ, ಮೂರು ದಿನದ ಜ್ವರ ಒಂದು ದಿನದ್ದಾಗುವುದೂ ಇಲ್ಲೇ. ನಾನು ‘ಕಿತನೇ ದಿನ್ ಸೇ?’ (ಎಷ್ಟು ದಿನದಿಂದ?) ಎಂದು ಕೇಳಿ ಬೆರಳು ಎಣಿಸಲು ಹೇಳುತ್ತೇನೆ.

ಮೆಷಿನ್ ಕೆಟ್ಟಾಗಲೂ ಇದೇ ಮಾತು: ‘ಮೋಟಾರ್ ಕೋ ಕ್ಯಾ ಹುವಾ?’ ಇಲ್ಲಿ ಆ ‘ಕಿಯಾ’ಕ್ಕೆ ಮರಳಬೇಕು. ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕಿದ ದಿನ ಪಂಪ್ ನಿಂತರೆ ತಲೆಬಿಸಿಯಲ್ಲಿ ‘ಕ್ಯಾ ಕಿಯಾ?’ ಎಂದು ಬಾಯಿಗೆ ಬರುತ್ತದೆ. ಅದು ‘ಏನು ಮಾಡಿದೆ?’, ಆರೋಪ. ಕೇಳಿಸಿಕೊಂಡವರು ಬಾಯಿ ಮುಚ್ಚುತ್ತಾರೆ, ದೋಷ ಹುಡುಕಲು ಮತ್ತೊಂದು ಗಂಟೆ. ‘ಕ್ಯೋಂ’ (ಯಾಕೆ) ಕೂಡ ಹಾಗೇ ಕೇಳಿಸುತ್ತದೆ. ‘ಕ್ಯಾ ಹುವಾ? ಕೈಸೇ ಹುವಾ (ಹೇಗಾಯ್ತು)?’ ಎಂದರೆ ಇದ್ದದ್ದು ಇದ್ದ ಹಾಗೆ ಹೊರಬರುತ್ತದೆ. ‘ಪಾನೀ ನಹೀ ಖೀಂಚ್ ರಹಾ’: ನೀರು ಎಳೆಯುತ್ತಿಲ್ಲ, ನೀರಿನೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ನೋಡಿ. ‘ಹವಾ ಲೇ ರಹಾ ಹೈ’: ಗಾಳಿ ಎಳೆಯುತ್ತಿದೆ, ನೀರೆಳೆಯುವ ಸಕ್ಷನ್ ಪೈಪಿನ ಜೋಡಣೆ ನೋಡಿ. ‘ಜಲ್ ಗಯಾ’: ಸುಟ್ಟಿದೆ, ಮತ್ತೆ ಸ್ವಿಚ್ ಹಾಕಲೇಬೇಡಿ. ‘ಟೂಟ್ ಗಯಾ’ ಎಂದರೆ ಮುರಿದುಹೋಯಿತು, ‘ತೋಡ್ ದಿಯಾ’ ಎಂದರೆ ಮುರಿದರು. ಅವರು ಮೊದಲನೆಯದನ್ನು ಹೇಳಿದರೆ ಮೊದಲನೆಯದನ್ನೇ ಬರೆದುಕೊಳ್ಳುವುದು ನನ್ನ ಪದ್ಧತಿ.

ಹೆಂಗಸರ ವಿಷಯದಲ್ಲಿ ನಾನು ‘ದೀದಿ, ಕ್ಯಾ ಹುವಾ?’ ಒಂದನ್ನು ಕೇಳಿ, ಉತ್ತರ ಬಾರದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಎರಡನೇ ಪ್ರಶ್ನೆ ಮತ್ತೊಬ್ಬ ಹೆಂಗಸಿನ ಬಾಯಿಂದ ಬರಬೇಕು. ಲೈನ್ ಮನೆಯಲ್ಲಿ ಹಿಂದಿ ಬರುವ ಒಬ್ಬ ಹಿರಿಯ ಹೆಂಗಸನ್ನು ಇದಕ್ಕೆಂದು ಮೊದಲೇ ಗೊತ್ತುಮಾಡಿಟ್ಟುಕೊಂಡರೆ ಒಳ್ಳೆಯದು.

ಮೈಗೆ ಏನೂ ಆಗಿರದೆ ಮನೆಯಲ್ಲಿ ಆಗಿರುವುದೂ ಉಂಟು. ಕೊಡಗಿನಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲೇ ಬ್ರಹ್ಮಪುತ್ರೆಯೂ ಉಕ್ಕುತ್ತದೆ. ಫೋನ್ ಕೈಯಲ್ಲಿ ಹಿಡಿದು ದೂರ ನಿಂತವರನ್ನು ಆಗ ಕೇಳಬೇಕಾದ್ದು ‘ಘರ್ ಮೇ ಸಬ್ ಠೀಕ್?’ (ಮನೆಯಲ್ಲಿ ಎಲ್ಲ ಸರಿಯಿದೆಯಾ?). ಪ್ರವಾಹಕ್ಕೆ ಹಿಂದಿಯಲ್ಲಿ ‘ಬಾಢ್’, ಅಸ್ಸಾಮಿಯಲ್ಲಿ ‘ಬಾನ್’. ‘ಪಾನೀ ಆ ಗಯಾ’ ಎಂದರೆ ಸಾಮಾನ್ಯವಾಗಿ ಮನೆಯೊಳಗೇ ನೀರು ಬಂದಿದೆ ಎಂದು. ಊರಿಗೆ ಹೋಗಲು ಮುಂಗಡ ಬೇಕೇ ಎಂಬುದನ್ನು ಅವರು ಕೇಳುವವರೆಗೆ ಬಿಡದೆ ನಾವೇ ಕೇಳಬೇಕು: ‘ಪೈಸಾ ಚಾಹಿಯೇ? ಟಿಕೆಟ್ ಹುವಾ?’ (ದುಡ್ಡು ಬೇಕಾ? ಟಿಕೆಟ್ ಆಯ್ತಾ?)

ಮರುದಿನ ಬೆಳಿಗ್ಗೆ ಹಾಜರಿ ಕೂಗುವಾಗ ಹೆಸರಿನ ಜೊತೆಗೇ ‘ಅಬ್ ಕೈಸಾ ಹೈ?’ ಎಂದು ಸೇರಿಸಬೇಕು. ಈಗ ಹೇಗಿದೆ ಎಂದು. ಆರೋಗ್ಯದ ಹೆಸರು ಹಿಡಿದು ಕೇಳಿದರೆ ‘ತಬಿಯತ್ ಕೈಸೀ ಹೈ?’, ತಬಿಯತ್ ಸ್ತ್ರೀಲಿಂಗ. ‘ಕೈಸಾ’ ಅಂದರೂ ನಡೆದೀತು. ಅಸ್ಸಾಮಿ, ಬಂಗಾಳಿಗಳಲ್ಲಿ ಪದಗಳಿಗೆ ಇಂಥ ಲಿಂಗಭೇದವಿಲ್ಲ, ಅವರೂ ಹೀಗೇ ತಪ್ಪುತ್ತಾರೆ. ನಿನ್ನೆ ‘ಕುಛ್ ನಹೀ’ ಅಂದವರು ಬಾಯಿ ಬಿಡುವುದು ಹೆಚ್ಚಾಗಿ ಈ ಬೆಳಗಿನ ಪ್ರಶ್ನೆಗೆ.