ಏಳರ ಪಟ್ಟಿ ಹರಿದು ಒಂದರಿಂದ ಶುರುಮಾಡಿ

ನನ್ನ ಹಳೆಯ ಡೈರಿಯೊಂದರ ಮೊದಲ ಪುಟದಲ್ಲಿ ಏಳು ಸಂಕಲ್ಪಗಳಿವೆ. ಬೆಳಿಗ್ಗೆ ಐದಕ್ಕೆ ಏಳುವುದು, ಒಂದು ಗಂಟೆ ವ್ಯಾಯಾಮ, ಸಕ್ಕರೆ ಬಂದ್, ರಾತ್ರಿ ಹತ್ತಕ್ಕೆ ಮಲಗುವುದು, ಹೀಗೆ. ಜನವರಿ ಒಂಬತ್ತರವರೆಗೆ ಎಲ್ಲದರ ಮುಂದೆಯೂ ಹಸಿರು ಶಾಯಿಯ ಗುರುತು. ಹತ್ತರಂದು ಜ್ವರ ಬಂತು. ಹದಿಮೂರಕ್ಕೆ ಎರಡೇ ಗುರುತು, ಅದೂ ಅಳುಕುತ್ತಾ ಹಾಕಿದಂತಿವೆ. ಫೆಬ್ರವರಿಯಿಂದ ಆ ಡೈರಿ ಮನೆಖರ್ಚಿನ ಲೆಕ್ಕಕ್ಕೆ ಬಳಕೆಯಾಗಿದೆ.

ಆಗ ನನ್ನ ಮನೋಬಲವನ್ನೇ ಬೈದುಕೊಂಡಿದ್ದೆ. ಈಗ ನೋಡಿದರೆ ತಪ್ಪೆಲ್ಲ ಆ ಪಟ್ಟಿಯದು. ಏಳೂ ಒಟ್ಟಿಗೆ, ಯಾವುದಕ್ಕೂ ಜಾಗ ಗೊತ್ತಿಲ್ಲ, ಕಾಯಿಲೆ ಬಿದ್ದರೆ ಏನು ಮಾಡಬೇಕೆಂಬ ಯೋಚನೆಯೂ ಇಲ್ಲ. ಅಂಥ ಪಟ್ಟಿಯನ್ನು ಯಾರ ಕೈಗೆ ಕೊಟ್ಟರೂ ಅದು ಜನವರಿ ದಾಟುತ್ತಿರಲಿಲ್ಲ.

ಮೊದಲು ಒಂದನ್ನು ಆರಿಸಿ

ಯಾವುದೆಂದು ತೋಚದಿದ್ದರೆ ನಿದ್ದೆ ಅಥವಾ ನಡಿಗೆಯನ್ನು ಹಿಡಿಯಿರಿ ಎಂಬುದು ನನ್ನ ಸಲಹೆ. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚು, ಸಿಹಿಯ ಚಪಲ ಹೆಚ್ಚು, ವ್ಯಾಯಾಮವೆಂದರೆ ಮೈಮುರಿಯುವ ಮನಸ್ಸು. ಹಾಗಾಗಿ ನಿದ್ದೆ ಸರಿಹೋದರೆ ಉಳಿದ ಸಂಕಲ್ಪಗಳ ಭಾರವೂ ತಾನಾಗಿ ಕಡಿಮೆಯಾಗುತ್ತದೆ.

ಧೂಮಪಾನ ಬಿಡಬೇಕೆಂದಿರುವವರ ಮಾತು ಬೇರೆ. ಇಲ್ಲಿ ಹೇಳುವ ಸಣ್ಣಪುಟ್ಟ ಉಪಾಯಗಳು ಅದಕ್ಕೆ ಸಾಲುವುದಿಲ್ಲ. ವೈದ್ಯರ ನೆರವು, ನಿಕೋಟಿನ್ ಗಮ್ ಅಥವಾ ಪ್ಯಾಚ್ ಪಡೆಯುವುದರಲ್ಲಿ ಸೋಲೇನೂ ಇಲ್ಲ.

ಫಲವನ್ನು ಬಿಟ್ಟು ಕೆಲಸವನ್ನು ಬರೆಯಿರಿ

'ಐದು ಕಿಲೋ ಇಳಿಸುತ್ತೇನೆ' ಎಂದು ಬರೆದರೆ ಬೆಳಿಗ್ಗೆ ಏಳು ಗಂಟೆಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. 'ಇಪ್ಪತ್ತು ನಿಮಿಷ ನಡೆಯುತ್ತೇನೆ' ಎಂದರೆ ಗೊತ್ತಾಗುತ್ತದೆ. ತೂಕದ ಯಂತ್ರದ ಮೇಲೆ ದಿನಾ ಹತ್ತಿ ಇಳಿಯುವುದೂ ಬೇಡ. ದೇಹದಲ್ಲಿನ ನೀರು, ತಿಂದ ಉಪ್ಪು ಇವುಗಳಿಂದಲೇ ತೂಕ ಒಂದೆರಡು ಕಿಲೋ ಆಚೀಚೆ ಆಗುತ್ತಿರುತ್ತದೆ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ನೋಡಿದರೆ ಸಾಕು.

ಗೂಟ ನೆಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಹೊಸ ಅಭ್ಯಾಸಕ್ಕೆ ನಮ್ಮ ದಿನದಲ್ಲಿ ಸ್ವಂತ ಜಾಗವಿರುವುದಿಲ್ಲ. ಅದನ್ನು ಈಗಾಗಲೇ ಗಟ್ಟಿಯಾಗಿ ನಿಂತಿರುವ ಯಾವುದಾದರೂ ಕೆಲಸಕ್ಕೆ ಕಟ್ಟಬೇಕು. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ 1990ರ ದಶಕದಿಂದ ಹೇಳುತ್ತ ಬಂದದ್ದು ಇದನ್ನೇ: 'ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ಗೊತ್ತು ಮಾಡಿಕೊಂಡವರು, ಬರೀ 'ಮಾಡುತ್ತೇನೆ' ಎಂದುಕೊಂಡವರಿಗಿಂತ ಹೆಚ್ಚು ಸಲ ಮಾಡಿ ಮುಗಿಸುತ್ತಾರೆ.

ಹಲ್ಲುಜ್ಜಿದ ಕೂಡಲೇ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುತ್ತೇನೆ. ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಶೂ ಹಾಕಿಕೊಳ್ಳುತ್ತೇನೆ. ಗೂಟವೆಂದರೆ ಹೀಗಿರಬೇಕು. 'ಬಿಡುವಾದಾಗ', 'ಕೆಲಸ ಬೇಗ ಮುಗಿದರೆ' ಎಂಬುವು ಗೂಟಗಳಲ್ಲ, ಅವು ಮುಟ್ಟಿದರೆ ಅಲ್ಲಾಡುತ್ತವೆ.

ಗೂಟದವರೆಗಿನ ದಾರಿಯನ್ನೂ ಸಲೀಸು ಮಾಡಿ. ನನ್ನ ಶೂಗಳು ಮೊದಲು ಬೀರುವಿನ ತಳದಲ್ಲಿರುತ್ತಿದ್ದವು. ಬಗ್ಗಿ, ಹುಡುಕಿ, ಒಂಟಿ ಕಾಲುಚೀಲದ ಜೋಡಿ ಹುಡುಕುವಷ್ಟರಲ್ಲಿ ಉತ್ಸಾಹ ಇಳಿಯುತ್ತಿತ್ತು. ಈಗ ರಾತ್ರಿಯೇ ಅವನ್ನು ಬಾಗಿಲ ಬಳಿ ಇಟ್ಟು, ದಾರ ಸಡಿಲಿಸಿ, ಕಾಲುಚೀಲವನ್ನು ಒಳಗೇ ತುರುಕಿಡುತ್ತೇನೆ. ಇದಕ್ಕೆ ತಗಲುವುದು ಅರ್ಧ ನಿಮಿಷ. ಬಿಡಬೇಕಾದ ಚಟಕ್ಕೆ ಇದನ್ನೇ ತಿರುಗಿಸಿ: ಫೋನಿನ ಚಾರ್ಜರ್ ಬೇರೆ ಕೋಣೆಗೆ ಹೋಗಲಿ, ಉಪ್ಪಿನ ಡಬ್ಬಿ ಊಟದ ಮೇಜಿನಿಂದ ಅಡುಗೆಮನೆಗೆ ಹೋಗಲಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದ ಒಳಗೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಡುಗೆಗೆ ಹಾಕಿದ್ದೂ ಆ ಚಮಚದ ಲೆಕ್ಕಕ್ಕೇ ಸೇರಬೇಕು.

ಎಷ್ಟು ಮಾಡಬೇಕು?

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಪ್ರಯೋಗಾಲಯದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರ್' ಎಂಬ ಅರ್ಥದ್ದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೆಜ್ಜೆಗಳನ್ನು ಬಿಟ್ಟು ನಿಮಿಷಗಳನ್ನು ಎಣಿಸುತ್ತದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ನಡೆಯುತ್ತಾ ಮಾತಾಡಲು ಸಾಧ್ಯವಾಗಿ, ಹಾಡಲು ಮಾತ್ರ ಉಸಿರು ಸಾಲದಿದ್ದರೆ ಅದು ಮಧ್ಯಮ ಶ್ರಮ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಮಾಡಬೇಕೆಂಬ ಹಳೆಯ ನಿಯಮವೂ ಈಗಿಲ್ಲ. ಮೂರು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ.

ಆದರೆ ಮೊದಲ ವಾರವೇ 150ಕ್ಕೆ ಹಾರಬೇಡಿ. ಹತ್ತು ನಿಮಿಷದಿಂದ ಶುರುಮಾಡಿ, ಅದು ಬೇಸರ ತರುವಷ್ಟು ಸುಲಭವೆನಿಸಿದ ಮೇಲೆ ಏರಿಸಿ. ಹೃದ್ರೋಗ ಇರುವವರು, ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ವೇಗ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ಎಷ್ಟು ದಿನ?

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ಕೇಳಿರುತ್ತೀರಿ. ಅದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದದ್ದು. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ ಅಷ್ಟು ದಿನ ಬೇಕಾಗುತ್ತದೆ ಎಂದಿದ್ದರು. 'ಕನಿಷ್ಠ' ಎಂಬ ಪದ ಬಾಯಿಂದ ಬಾಯಿಗೆ ದಾಟುವಾಗ ಎಲ್ಲೋ ಬಿದ್ದುಹೋಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿದರು. ಅಭ್ಯಾಸ ಯೋಚಿಸದೆ ಕೈಗೆ ಬರಲು ತಗಲಿದ್ದು ನಡುಮಟ್ಟದ ಲೆಕ್ಕದಲ್ಲಿ 66 ದಿನ. ಕೆಲವರಿಗೆ 18, ಅಂದಾಜಿನ ಪ್ರಕಾರ ಕೆಲವರಿಗೆ 254. ಜನವರಿ ಒಂದರಂದು ಆರಂಭಿಸಿದರೆ 66ನೇ ದಿನ ಮಾರ್ಚ್ ಏಳರ ಹೊತ್ತಿಗೆ ಬರುತ್ತದೆ, 254ನೆಯದು ಸೆಪ್ಟೆಂಬರ್ ಹನ್ನೊಂದರ ಸುಮಾರಿಗೆ. ಕ್ಯಾಲೆಂಡರಿನಲ್ಲಿ ಮಾರ್ಚ್ ಏಳನ್ನು ಗುರುತು ಮಾಡಿಕೊಳ್ಳಿ, ಸೆಪ್ಟೆಂಬರನ್ನು ನೆನಪಿನಲ್ಲಿಡಿ.

ತಪ್ಪಿದ ದಿನ

ಅದೇ ಅಧ್ಯಯನದಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ, ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ ಎಂಬುದು. ನನ್ನನ್ನು ಕೆಡಿಸಿದ್ದು ಹತ್ತನೇ ತಾರೀಖಿನ ಜ್ವರವಲ್ಲ, ಹನ್ನೊಂದು ಮತ್ತು ಹನ್ನೆರಡರಂದು 'ಹೇಗೂ ಕೆಟ್ಟಿತಲ್ಲ' ಎಂದುಕೊಂಡು ಕೂತದ್ದು.

ಆದ್ದರಿಂದ ಸಂಕಲ್ಪದ ಜೊತೆಗೇ ಅದರ ಮರಿಯೊಂದನ್ನೂ ಬರೆದಿಡಿ. ಇಪ್ಪತ್ತು ನಿಮಿಷದ ನಡಿಗೆಯ ಮರಿ ಎಂದರೆ ಶೂ ಹಾಕಿಕೊಂಡು ಗೇಟಿನವರೆಗೆ ಹೋಗಿ ಬರುವುದು. ಪ್ರಯಾಣ, ನೆಂಟರು, ಕಚೇರಿಯ ರಗಳೆ ಇದ್ದ ದಿನ ಮರಿಯನ್ನಷ್ಟೇ ಮಾಡಿ, ಗುರುತು ಹಾಕಿ. ಜ್ವರ ಬಂದರೆ ಮಲಗಿ, ಆ ಚೌಕವನ್ನು ಖಾಲಿ ಬಿಡಿ. ಕೆಂಪು ಅಡ್ಡಗೆರೆ ಎಳೆಯಬೇಡಿ. ಎದ್ದು ಓಡಾಡುವಂತಾದ ಮೊದಲ ದಿನ ಮತ್ತೆ ಮರಿಯಿಂದಲೇ ಶುರುಮಾಡಿ.

ಒಂದು ಕೆಲಸ ಯೋಚಿಸದೆ ನಡೆಯತೊಡಗಿದ ಮೇಲೆ ಪಟ್ಟಿಯಿಂದ ಎರಡನೆಯದನ್ನು ಎತ್ತಿಕೊಳ್ಳಿ. ನನ್ನ ಏಳರಲ್ಲಿ ನಡಿಗೆ ಮತ್ತು ನಿದ್ದೆ ಹತ್ತಿಕೊಂಡಿವೆ, ನಾಲ್ಕು ಬಾಕಿ ಇವೆ. ಬೆಳಿಗ್ಗೆ ಐದಕ್ಕೆ ಏಳುವುದನ್ನು ಮಾತ್ರ ಹೊಡೆದುಹಾಕಿದ್ದೇನೆ.