ಊರಾಗಿನ ನೀರು, ಸಂಡಾಸ, ದವಾಖಾನಿ: ಇದ್ದದ್ದನ್ನ ನಡಸೋದು ಹೆಂಗ

ನಮ್ಮ ಕಡೆ ಯಾವ ಊರಿಗೆ ಹೋದ್ರೂ ಈ ಮೂರು ಕಂಡೇ ಕಾಣ್ತಾವ ನೋಡ್ರಿ, ಬಸ್‌ಸ್ಟ್ಯಾಂಡ್ ಬಾಜೂಕ ಕೀಲಿ ಬಿದ್ದ ಶುದ್ಧ ನೀರಿನ ಘಟಕ, ಮನಿ ಹಿತ್ತಲದಾಗ ಕಟಗಿ ಕುಳ್ಳು ತುಂಬಿಟ್ಟ ಸಂಡಾಸ, ಆಮ್ಯಾಲ ಯಾವಾಗ ತಗೀತಾರ ಯಾವಾಗ ಹಾಕ್ತಾರ ಯಾರಿಗೂ ಗೊತ್ತಿಲ್ಲದ ಸಬ್‌ಸೆಂಟರ್, ಅಂದ್ರ ಊರಾಗಿನ ಸಣ್ಣ ಸರ್ಕಾರಿ ದವಾಖಾನಿ. ರೊಕ್ಕ ಬಂದೈತಿ, ಕಟ್ಟಡಾನೂ ಎದ್ದೈತಿ, ನಡಸಾವ್ರ ಇಲ್ಲ ಅಷ್ಟ. ಹಿಂಗಾಗಿ ಇಲ್ಲಿ ಹೊಸಾ ಯೋಜನಾ ತರಿಸೋದು ಹೆಂಗ ಅಂತ ಬರಿಯಂಗಿಲ್ಲ, ಬಂದದ್ದನ್ನ ನಡಸೋದು ಹೆಂಗ ಅಂತ ಬರೀತೇನಿ. ನಾನು ಮುಂಡರಗಿ ತಾಲೂಕಿನವ, ನಮ್ಮೂರ ನೀರು ಮತ್ತ ನೈರ್ಮಲ್ಯ ಸಮಿತಿಯೊಳಗ ನಾಲ್ಕು ವರ್ಷ ಇದ್ದೆ, ತಪ್ಪು ಮಾಡೇ ಕಲತದ್ದು ಭಾಳ.

ಮೊದಲ ನಿಮ್ಮೂರ ನೀರಿಗೆ ಯಾವ ರೋಗ ಅನ್ನೋದು ಗೊತ್ತು ಮಾಡ್ಕೊಳ್ರಿ

ನೀರು ಕೆಟ್ಟೈತಿ ಅಂತ ಎಲ್ಲಾರೂ ಅಂತಾರ, ಆದ್ರ ಕೆಡೋದರಾಗ ಎರಡು ಥರ ಐತಿ, ಇವೆರಡನ್ನ ಕಲಸಿದ್ರ ಮುಂದಿನ ಕೆಲಸ ಎಲ್ಲಾ ತಪ್ಪತೈತಿ. ಒಂದು ಫ್ಲೋರೈಡ್, ಇದು ನೆಲದಾಗಿನ ಕಲ್ಲಿನಿಂದ ಬೋರ್ ನೀರಿಗೆ ಬರೋದು, ಗದಗ ಜಿಲ್ಲಾದಾಗ ಅದರಾಗೂ ನಮ್ಮ ಮುಂಡರಗಿ ಕಡೆ ಇದರ ಕಾಟ ಹಳೇದು. ಇನ್ನೊಂದು ಹೊಲಸು, ಅಂದ್ರ ಗಟಾರದ್ದು ಸಂಡಾಸದ್ದು ನೀರಿನ್ಯಾಗ ಕೂಡಿ ಬರೋ ಕ್ರಿಮಿ. ಹೊಲಸಿಗೆ ಕುದಿಸಿದ್ರ ಆತು, ಕ್ಲೋರಿನ್ ಹಾಕಿದ್ರೂ ಆತು. ಫ್ಲೋರೈಡಿಗೆ ಎರಡೂ ನಡ್ಯಂಗಿಲ್ಲ, ಕುದಿಸಿದಷ್ಟು ನೀರು ಆವಿ ಆಗಿ ಹೋಗ್ತೈತಿ, ಫ್ಲೋರೈಡ್ ಹಂಗ ಉಳಿದು ಇನ್ನಷ್ಟು ಗಟ್ಟಿ ಆಗ್ತೈತಿ. ನಮ್ಮವ್ವ ವರ್ಷಗಟ್ಟಲೆ ಬೋರ್ ನೀರು ಕುದಿಸಿ ಆರಿಸಿ ಕೊಡಾಕಿ, ಪಾಪ, ಒಳ್ಳೇದ ಮಾಡ್ತೇನಿ ಅನ್ಕೊಂಡು.

ಭಾರತೀಯ ಮಾನಕದಾಗ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ತನಕ ಛಲೋ, ಬ್ಯಾರೆ ನೀರ ಇಲ್ಲಂದ್ರ 1.5 ತನಕ ನಡೀತೈತಿ ಅಂತ ಐತಿ. ಅದರ ಮ್ಯಾಲಿನ ನೀರು ಸಣ್ಣವ್ರಿದ್ದಾಗಿಂದ ಕುಡದ್ರ ಹಲ್ಲಿನ ಮ್ಯಾಲ ಕಂದು ಪಟ್ಟಿ ಬೀಳ್ತಾವ, ಭಾಳ ವರ್ಷ ಆದ್ರ ಎಲುಬು ಬಿಗೀತಾವ. ನಮ್ಮೂರ ಸಾಲ್ಯಾಗ ಏಳನೇತ್ತೆ ಹುಡುಗೀರ ಗ್ರೂಪ್ ಫೋಟೋ ತಗಸುವಾಗ ಫೋಟೋದಾವ "ನಗ್ರವಾ, ನಗ್ರಿ" ಅಂತ ಎಷ್ಟು ಅಂದ್ರೂ ಒಬ್ಬಾಕಿನೂ ಹಲ್ಲು ಬಿಡ್ಲಿಲ್ಲ, ಎಲ್ಲಾರೂ ತುಟಿ ಮುಚ್ಕೊಂಡ ನಿಂತ್ರು. ಆ ಫೋಟೋ ಈಗೂ ಸಾಲಿ ಗ್ವಾಡಿ ಮ್ಯಾಲ ಐತಿ.

ಟೆಸ್ಟ್ ಮಾಡೋದು ಕಷ್ಟಿಲ್ಲ. ಜಲ ಜೀವನ್ ಮಿಷನ್‌ನ್ಯಾಗ ಪ್ರತಿ ಊರಾಗ ಐದು ಮಂದಿ ಹೆಣ್ಮಕ್ಕಳಿಗೆ ನೀರು ಟೆಸ್ಟ್ ಮಾಡೋದು ಕಲಿಸಬೇಕು, ಕಿಟ್ ಕೊಡಬೇಕು ಅಂತ ಐತಿ. ನಿಮ್ಮ ಪಂಚಾಯ್ತಿ ಕಪಾಟಿನ್ಯಾಗ ಆ ಕಿಟ್ ಪ್ಲಾಸ್ಟಿಕ್ ಸುದ್ದಾ ಬಿಚ್ಚಲಾರದ ಕುಂತಿರಬಹುದು, ಕೇಳಿ ತಗಸ್ರಿ, ಡೇಟ್ ಮುಗದೈತೇನ ನೋಡ್ರಿ. ಫ್ಲೋರೈಡಿಗೆ ನೀರಿನ್ಯಾಗ ದ್ರಾವಣ ಹಾಕಿ ಬಂದ ಬಣ್ಣಾನ ಚಾರ್ಟಿಗೆ ಹಿಡದು ನೋಡೋದು. ಹೊಲಸಿಗೆ ಒಂದು ಸಣ್ಣ ಬಾಟ್ಲಿ ಇರ್ತೈತಿ, ಗೆರಿ ತನಕ ನೀರು ತುಂಬಿ ಬೆಚ್ಚಗಿನ ಜಾಗಾದಾಗ 24ರಿಂದ 48 ತಾಸು ಇಟ್ರ, ಕರ್ರಗಾತು ಅಂದ್ರ ಆ ನೀರು ಕುಡ್ಯಾಕ ಬ್ಯಾಡ. ಕಿಟ್‌ನ್ಯಾಗ ಸಂಶೆ ಬಂದ್ರ ತಾಲೂಕಿನ ಲ್ಯಾಬಿಗೆ ಕಳಸ್ರಿ. ಒಂದು ಮಾತು, ಟಿಡಿಎಸ್ ಮೀಟರ್ (ನೀರಿನ್ಯಾಗ ಒಟ್ಟು ಎಷ್ಟು ಲವಣ ಕರಗೈತಿ ಅಂತ ತೋರ್ಸೋದು) ಹಿಡ್ಕೊಂಡು ಬಂದು ನಂಬರ್ ತೋರಿಸಿ ಫಿಲ್ಟರ್ ಮಾರವ್ರನ್ನ ನಂಬಬ್ಯಾಡ್ರಿ, ಆ ಮೀಟರ್ ಫ್ಲೋರೈಡೂ ತೋರ್ಸಂಗಿಲ್ಲ, ಕ್ರಿಮಿನೂ ತೋರ್ಸಂಗಿಲ್ಲ.

ಟಾಕಿ, ಪೌಡರ್, ಮತ್ತ ನಳದ ಕುಣಿ

ತುಂಗಭದ್ರಾ ಹೊಳಿ ನೀರು ಬರೋ ಊರಿಗೆ ಫ್ಲೋರೈಡ್ ಚಿಂತಿ ಕಡಿಮಿ, ಆದ್ರ ಹೊಲಸಿನ ಚಿಂತಿ ಇದ್ದೇ ಐತಿ. ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕೋ ಲೆಕ್ಕ ಹಿಂಗ, ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ, ಅಂದ್ರ 50 ಸಾವಿರ ಲೀಟರಿನ ಟಾಕಿಗೆ 125 ಗ್ರಾಂ, ನೀರು ರಾಡಿ ಇದ್ರ ಇನ್ನೂ ಬೇಕು. ಪೌಡರ್ ಹಂಗ ಉಗ್ಗಬ್ಯಾಡ್ರಿ, ಬಕೆಟ್‌ನ್ಯಾಗ ಮೊದಲ ಗಟ್ಟಿಗೆ ಕಲಸಿ, ಆಮ್ಯಾಲ ನೀರು ಹಾಕಿ ಕದಡಿ, ಹತ್ತು ನಿಮಿಷ ಬಿಟ್ರ ಸುಣ್ಣ ತಳಕ್ಕ ಕೂಡ್ತೈತಿ, ಮ್ಯಾಲಿನ ತಿಳಿ ಅಷ್ಟ ಟಾಕಿಗೆ ಹಾಕಿ ಅರ್ಧಾ ತಾಸು ಬಿಟ್ಟು ನೀರು ಬಿಡ್ರಿ. ಸರಿ ಹಾಕ್ಯಾರೋ ಇಲ್ಲೋ ಅಂತ ಟಾಕಿ ಹತ್ರ ನೋಡಿದ್ರ ಉಪಯೋಗಿಲ್ಲ, ಲೈನಿನ ಕಟ್ಟಕಡೀ ಮನಿ ನಳದಾಗ ನೋಡ್ಬೇಕು, ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದ್ರೂ ಕ್ಲೋರಿನ್ ಉಳಿದಿರಬೇಕು.

ನಮ್ಮಲ್ಲಿ ಆದದ್ದು ಏನಂದ್ರ, ವಾಟರ್‌ಮನ್ ದಿನಾ ಪೌಡರ್ ಹಾಕ್ತಿದ್ದ, ಲೆಕ್ಕದ ಪ್ರಕಾರನ ಹಾಕ್ತಿದ್ದ, ಆದ್ರೂ ಕಡೀ ಓಣ್ಯಾಗ ಕ್ಲೋರಿನ್ ಸೊನ್ನಿ. ನಾವು ಅವಂಗ ಬೈದ್ವಿ, ಅವ ಮಾರಿ ಸಣ್ಣ ಮಾಡ್ಕೊಂಡ. ಪಂಪ್‌ರೂಮಿಗೆ ಹೋಗಿ ನೋಡಿದ್ರ ಚೀಲದ ಬಾಯಿ ತಿಂಗಳುಗಟ್ಟಲೆ ತೆರದಿತ್ತು, ಪೌಡರ್ ಹಸಿ ಕುಡದು ಗಡ್ಡಿ ಗಡ್ಡಿ ಆಗಿತ್ತು, ಮೂಗಿಗೆ ಹಿಡದ್ರೂ ವಾಸನಿ ಇಲ್ಲ. ಅವ ನಾಕು ತಿಂಗಳು ಊರಿಗೆ ಸುಣ್ಣ ಕುಡಿಸ್ಯಾನ. ಮೂಗಿಗೆ ಘಾಟು ಬಡೀಲಿಲ್ಲ ಅಂದ್ರ ಆ ಪೌಡರ್ ಸತ್ತೈತಿ ಅಂತ ತಿಳ್ಕೊಳ್ರಿ, ಸಣ್ಣ ಪಾಕೀಟ ತರಸ್ರಿ, ಮುಚ್ಚಳ ಬಿಗಿ ಇರೋ ಪ್ಲಾಸ್ಟಿಕ್ ಡಬ್ಬ್ಯಾಗ ಇಡ್ರಿ. ಆವತ್ತಿಂದ ಪಂಪ್‌ರೂಮಿನ ಬಾಗಲಕ್ಕ ಒಂದು ನೋಟ್‌ಬುಕ್ ಕಟ್ಟಿವಿ, ತಾರೀಖು, ಎಷ್ಟು ಗ್ರಾಂ, ಕಡೀ ನಳದಾಗ ಎಷ್ಟು ಬಂತು, ಸಹಿ. ಆ ನೋಟ್‌ಬುಕ್ಕಿಂದ ಆದಷ್ಟು ಕೆಲಸ ನಾನು ಬರದ ಯಾವ ಅರ್ಜಿಯಿಂದಾನೂ ಆಗಿಲ್ಲ.

ಇನ್ನ ನಳದ ಕುಣಿ. ಪ್ರೆಶರ್ ಇಲ್ಲ ಅಂತ ಮನಿ ಮುಂದ ಎರಡು ಫೂಟ್ ಕುಣಿ ತಗದು ಅದರಾಗ ನಳ ಇಳಸ್ತಾರ ಹೌದಿಲ್ರಿ, ಆ ಕುಣ್ಯಾಗ ಬಚ್ಚಲ ನೀರು, ಹುಡುಗ್ರ ಕಾಲು ತೊಳದ ನೀರು ಎಲ್ಲಾ ನಿಂತಿರ್ತೈತಿ. ನೀರು ಬಂದ್ ಆದಾಗ ಪೈಪ್ ಒಳಗಿನ ಒತ್ತಡ ಹೋಗಿ ಅದು ವಾಪಸ್ ಎಳೀತೈತಿ, ಕುಣ್ಯಾಗಿನ ರಾಡಿ ಪೈಪಿನ್ಯಾಗ ಹೋಗಿ ಮರದಿವಸ ಬಾಜೂ ಮನಿ ಕೊಡದಾಗ ಬೀಳ್ತೈತಿ. ಕುಣಿ ಮುಚ್ಚಸೋದು ಸುಲಭ ಅಲ್ಲ, ಜಗಳ ಆಗ್ತಾವ, ನಮ್ಮ ಕಾಕಾನ ಮನಿಯವ್ರು ನನ್ನ ಕೂಡ ಒಂದು ವರ್ಷ ಮಾತಾಡ್ಲಿಲ್ಲ. ಮೊದಲ ವಾಲ್ ಹಾಕಿ ಓಣಿ ಓಣಿಗೆ ಬ್ಯಾರೆ ಟೈಮಿಗೆ ನೀರು ಬಿಟ್ರ ಪ್ರೆಶರ್ ಬರ್ತೈತಿ, ಆಮ್ಯಾಲ ಕುಣಿ ಮುಚ್ಚಂತ ಹೇಳಾಕ ಬಾಯಿ ಇರ್ತೈತಿ. ಮತ್ತ ಪ್ರತಿ ನಳಕ್ಕೂ ತಿರುವಿ ಬಂದ್ ಮಾಡೋ ಚಾವಿ ಇರಬೇಕು.

ಫ್ಲೋರೈಡ್ ಸೋಸೋ ಶುದ್ಧ ನೀರಿನ (ಆರ್‌ಒ) ಘಟಕ ಇದ್ರ ಎರಡು ವಿಚಾರ. ಆರ್‌ಒ ನೀರಿನ್ಯಾಗ ಕ್ಲೋರಿನ್ ಉಳಿಯಂಗಿಲ್ಲ, ಹಿಂಗಾಗಿ ಒಳಗ ಪಾಚಿ ಕಟ್ಟಿದ ಕ್ಯಾನಿಗೆ ಹಿಡದ್ರ ಆ ನೀರು ಬ್ಯಾಗನ ಕೆಡ್ತೈತಿ, ಕ್ಯಾನ್ ಒಳಗ ಕೈ ಹೋಗಂಗಿಲ್ಲ ಅಂದ್ರ ಒಂದು ಮುಷ್ಟಿ ಉಸುಕು, ಸ್ವಲ್ಪ ನೀರು ಹಾಕಿ ಕುಲುಕಿ ತೊಳೀರಿ. ಎರಡನೇದು, ನೀರು ಹಿಡ್ಯಾವ್ರು ಹಾಕೋ ಕಾಯಿನ್ ರೊಕ್ಕ. ಅದನ್ನ ಬ್ಯಾರೆ ಖಾತೇದಾಗ ಇಟ್ರ ಫಿಲ್ಟರ್, ಮೆಂಬ್ರೇನ್ ಬದಲ ಮಾಡಾಕ ಆಗ್ತೈತಿ, ಎಲ್ಲಾದ್ರಾಗ ಕೂಡಿಸಿದ್ರ ಘಟಕ ಕೆಟ್ಟ ದಿವಸ ಕೀಲಿ ಬೀಳ್ತೈತಿ. ಗ್ರಾಮಸಭಾದಾಗ ಕೇಳ್ರಿ. 15ನೇ ಹಣಕಾಸು ಆಯೋಗ 2021-22ರಿಂದ 2025-26ರ ತನಕ ಪಂಚಾಯ್ತಿಗೆ ಕೊಟ್ಟ ಅನುದಾನದಾಗ 60 ಪರ್ಸೆಂಟ್ ನೀರು, ನೈರ್ಮಲ್ಯಕ್ಕ ಅಂತಾನ ಕಟ್ಟಿಟ್ಟಿತ್ತು, ಅದು ಯಾವ ಯಾವ ಕೆಲಸಕ್ಕ ಹೋತು ಅಂತ ಓದಿ ಹೇಳ್ರಿ ಅಂದ್ರ ಸಾಕು, ಒದರಾಡೋದು ಬ್ಯಾಡ.

ಎರಿ ನೆಲದಾಗ ಸಂಡಾಸ

ಸರ್ಕಾರದ 12 ಸಾವಿರ ಸಹಾಯಧನದಾಗ ಕಟ್ಟಿದ ಸಂಡಾಸಕ್ಕ ಎರಡು ಗುಂಡಿ ಇರ್ತಾವ. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಒಂದು ಗುಂಡಿ ಐದು ಮಂದಿಗೆ ಸುಮಾರು ಮೂರು ವರ್ಷ ಬರ್ತೈತಿ. ಅದು ತುಂಬಿದ ಮ್ಯಾಲ ನಡುವಿನ ಛೇಂಬರ್‌ನ್ಯಾಗ ಒಂದು ಗುಂಡಿ ಬಾಯಿ ಮುಚ್ಚೋ ಇಟ್ಟಂಗಿ ಬದಲ ಮಾಡಿ ಎರಡನೇದಕ್ಕ ಬಿಡಬೇಕು, ಮೊದಲನೇದು ಒಂದೂವರಿ ಎರಡು ವರ್ಷ ಮುಚ್ಚಿಟ್ರ ಒಣಗಿ ಗೊಬ್ಬರ ಆಗ್ತೈತಿ. ನಮ್ಮ ಮನಿಯೊಳಗ ಗೌಂಡಿ ಆ ಒಂದು ಇಟ್ಟಂಗಿ ಇಡೋದು ಮರತಿದ್ದ, ಎರಡೂ ಗುಂಡಿ ಕೂಡೇ ತುಂಬಿ ಶ್ರಾವಣದಾಗ ಮ್ಯಾಲ ಬಂತು, ಹಬ್ಬಕ್ಕ ಬಂದ ಬೀಗರ ಮುಂದ. ಹಿಂಗಾಗಿ ಬಿಲ್ ಕೊಡೂ ಮೊದಲ ಛೇಂಬರ್ ಮುಚ್ಚಳ ತಗಸಿ ನಿಮ್ಮ ಕಣ್ಣಿಲೆ ನೋಡ್ರಿ.

ನಮ್ಮ ಕಡೆ ಖರೇ ತೊಂದ್ರಿ ಎರಿ ಮಣ್ಣು, ಅಂದ್ರ ಕರೀ ಜಿಗಟ ಮಣ್ಣು. ನೀರು ಇಂಗಂಗಿಲ್ಲ, ಮಳಿಗಾಲದಾಗ ಉಬ್ಬಿ ಗುಂಡಿ ಗ್ವಾಡಿ ನೂಕ್ತೈತಿ. ಇದಕ್ಕ ಗುಂಡಿ ಒಂದೀಟ ದೊಡ್ಡದು ತಗದು, ಜಾಳಗಿ ಥರಾ ಕಟ್ಟಿದ ಇಟ್ಟಂಗಿ ಹೊರಗ ಸುತ್ತೂ ಒಂದು ಫೂಟ್ ದಪ್ಪ ಉಸುಕು ತುಂಬಿಸ್ರಿ. ತಳಕ್ಕ ಕಾಂಕ್ರೀಟ್ ಹಾಕಬ್ಯಾಡ್ರಿ, ಗೌಂಡಿ "ಗಟ್ಟಿ ಇರ್ತೈತ್ರಿ ಯಣ್ಣಾ" ಅಂತ ಹಾಕಾಕ ಬರ್ತಾನ, ಹಾಕಿದ್ರ ಅದು ಇಂಗೋ ಗುಂಡಿ ಅಲ್ಲ, ಟಾಕಿ. ಬಚ್ಚಲ ನೀರು ಇದರಾಗ ಬಿಡಬ್ಯಾಡ್ರಿ, ಅದಕ್ಕ ಬ್ಯಾರೆ ಬಚ್ಚಲು ಗುಂಡಿ ಮಾಡ್ರಿ. ಬೋರ್, ಬಾವಿಯಿಂದ 10 ಮೀಟರ್ ಆದ್ರೂ ದೂರ. ಬೇಸಿನ್ ತಗೊಳ್ಳೂವಾಗ ಇಳಿಜಾರು ಹೆಚ್ಚಿರೋ ಹಳ್ಳಿ ಬೇಸಿನ್ ಕೇಳ್ರಿ, ಒಂದೂವರಿ ಎರಡು ಲೀಟರ್‌ನ್ಯಾಗ ಹೋಗ್ತೈತಿ. ಪ್ಯಾಟ್ಯಾಗಿನ ಚಂದ ಬೇಸಿನ್‌ಗೆ ಅರ್ಧ ಕೊಡ ನೀರು ಬೇಕು, ನೀರು ಹೊತ್ತು ತರಾಕಿ ಯಾಕ ಹಾಕ್ತಾಳ್ರಿ, ತಂಬಿಗಿ ಹಿಡ್ಕೊಂಡು ಬಯಲಕಡೆನ ಹೋಗ್ತಾಳ.

ಜುಲಾಬು, ದವಾಖಾನಿ, ಗಾಡಿ

ಒಂದೇ ಓಣ್ಯಾಗ ಒಂದೇ ದಿವಸ ಮೂರು ನಾಕು ಮಂದಿಗೆ ವಾಂತಿ ಜುಲಾಬು ಆತು ಅಂದ್ರ ಆಶಾ ಅಕ್ಕಾರಿಗೆ ಫೋನ್ ಮಾಡಿ, ಆ ಲೈನ್ ಬಂದ್ ಮಾಡಸ್ರಿ, ಪೌಡರ್ ಸುರಿಯೋಕಿಂತ ಮೊದಲ ನೀರಿನ ಸ್ಯಾಂಪಲ್ ಹಿಡೀರಿ. ಮೊದಲ ಪೌಡರ್ ಹಾಕಿ ಆಮ್ಯಾಲ ಸ್ಯಾಂಪಲ್ ಹಿಡದ್ರ ರಿಪೋರ್ಟ್‌ನ್ಯಾಗ ನೀರು ಛಲೋ ಐತಿ ಅಂತ ಬರ್ತೈತಿ, ತಪ್ಪು ಎಲ್ಲೈತಿ ಗೊತ್ತಾಗಂಗಿಲ್ಲ. ಒಂದು ಲೀಟರಿನ ಓಆರ್‌ಎಸ್ ಪಾಕೀಟ ಪೂರಾ ಒಂದು ಲೀಟರ್ ನೀರಿಗೆ, ಅರ್ಧಾ ಅರ್ಧಾ ಮಾಡಬ್ಯಾಡ್ರಿ. ಪಾಕೀಟ ಇಲ್ಲಂದ್ರ ಒಂದು ಲೀಟರ್ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ರಿ, ಅರ್ಧಾ ಸಣ್ಣ ಚಮಚ ಉಪ್ಪು. ಕೂಸಿಗೆ ಝಿಂಕ್ ಗುಳಗಿ 14 ದಿವಸ, ಜುಲಾಬು ನಿಂತ ಮ್ಯಾಲೂ ಕೊಡಬೇಕು. ಕೂಸು ಕುಡಿಯೋದ ಬಿಡ್ತು, ಕಣ್ಣು ಒಳಗ ಹೋದ್ವು, ಎಚ್ಚರ ತಪ್ಪಿದಂಗ ಆತು ಅಂದ್ರ ಮನ್ಯಾಗ ಕುಂದ್ರಬ್ಯಾಡ್ರಿ.

ಊರ ಆರೋಗ್ಯ ಸಮಿತಿಗೆ ವರ್ಷಕ್ಕ 10 ಸಾವಿರ ಮುಕ್ತ ನಿಧಿ ಐತಿ, ಭಾಳ ಊರಾಗ ಇದು ಆಶಾ ಅಕ್ಕ ಬಿಟ್ರ ಯಾರಿಗೂ ಗೊತ್ತಿಲ್ಲ. ಬಿಪಿ, ಶುಗರ್ ಗುಳಗಿಗೆ ತಿಂಗಳಾ ಗದಗಿಗೆ ಬಸ್ ಹತ್ತಬ್ಯಾಡ್ರಿ, ಸಬ್‌ಸೆಂಟರ್‌ನ್ಯಾಗ ಸಿಗಬೇಕು, ಇಲ್ಲಂದ್ರ ಆರೋಗ್ಯ ಸಹಾಯವಾಣಿ 104ಕ್ಕ ಫೋನ್ ಮಾಡ್ರಿ. ದೊಡ್ಡ ಆಪರೇಷನ್ ಇದ್ರ ಬಿಪಿಎಲ್ ಕಾರ್ಡಿನ ಕುಟುಂಬಕ್ಕ ಆಯುಷ್ಮಾನ್ ಆರೋಗ್ಯ ಕರ್ನಾಟಕದಾಗ ವರ್ಷಕ್ಕ 5 ಲಕ್ಷದ ತನಕ ಐತಿ, ಆದ್ರ ಎಮರ್ಜೆನ್ಸಿ ಅಲ್ಲಂದ್ರ ಮೊದಲ ಸರ್ಕಾರಿ ದವಾಖಾನಿಗೆ ಹೋಗಿ ರೆಫರಲ್ ಚೀಟಿ ತಗೋಬೇಕು. ನಮ್ಮವ್ರು ಸೀದಾ ಹುಬ್ಬಳ್ಳಿ ಖಾಸಗಿ ದವಾಖಾನಿಗೆ ಹೋಗಿ ಅಡ್ಮಿಟ್ ಆಗಿ, ಆಮ್ಯಾಲ ಕಾರ್ಡ್ ತಗೀತಾರ, ಅಲ್ಲೇ ಸಿಕ್ಕೊಳ್ಳೋದು.

ರಾತ್ರಿಗೆ 108 ಅಂಬ್ಯುಲೆನ್ಸ್ ಐತಿ, ಆದ್ರ ಮಳ್ಯಾಗ ಹಳ್ಳ ಬಂದ್ರ ಆ ಗಾಡಿ ಆಚೆ ದಂಡಿಗೆ ನಿಲ್ತೈತಿ. ಬಸುರಿ ಇರೋ ಮನಿಯವ್ರು ಊರಾಗಿನ ಎರಡು ಟಂಟಂ, ಒಂದು ಟ್ರ್ಯಾಕ್ಟರ್‌ನವ್ರ ನಂಬರ್ ಈಗ ಬರದಿಟ್ಕೊಳ್ರಿ. ಹೆರಿಗಿ ಆಗಿ ವಾಪಸ್ ಬರಾಕ ನಗು-ಮಗು ಗಾಡಿ ಫ್ರೀ ಐತಿ, ಡಿಸ್ಚಾರ್ಜ್ ಹಿಂದಿನ ದಿವಸನ ನರ್ಸಕ್ಕಗ ಹೇಳಿಡ್ರಿ, ಅವತ್ತ ಮುಂಜಾನಿ ಕೇಳಿದ್ರ ಗಾಡಿ ಬ್ಯಾರೆ ಊರಿಗೆ ಹೋಗಿರ್ತೈತಿ.